ಸಮುದಾಯ ಆರೋಗ್ಯದಲ್ಲಿ ಪಿಎಚ್.ಡಿ.: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ, ಪುಣೆ, ಗೋವಾದ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಸಮುದಾಯ ಆರೋಗ್ಯದ ಸಂಶೋಧನೆಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಾನು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ, ಶೇ. 58 ಅಂಕ ಇದೆ. ಕೆಲಸ ಬಿಡದೆ ಪಿಎಚ್.ಡಿ. ಮಾಡಲು ಆಗುತ್ತದೆಯೇ? ಮನೆಯಲ್ಲಿ ಚಿಕ್ಕ ಮಗು ಇದೆ.
— ಓದುಗಿ, ಡೊಂಬಿವಲಿ

ಆಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಇದೆ. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ವರ್ಗದವರಿಗೆ ಶೇ. 5 ರಿಯಾಯಿತಿ. ನೀವು ಮೊದಲು ಹಿಡಿಯಬೇಕಾದ್ದು ಆಸ್ಪತ್ರೆಯ ಎನ್‌ಒಸಿ. ಬರೀ 'ಅಭ್ಯಂತರವಿಲ್ಲ' ಎಂದು ಒಂದು ಸಾಲು ಬರೆದುಕೊಟ್ಟರೆ ನಡೆಯುವುದಿಲ್ಲ. ಅರೆಕಾಲಿಕವಾಗಿ ಓದಲು ಅನುಮತಿ ಕೊಟ್ಟಿದ್ದೇವೆ, ಡ್ಯೂಟಿಯ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಮೊದಲಿಗೆ ಮುಗಿಸಬೇಕಾದ ತರಗತಿ ಪಾಠಕ್ಕೆ) ಬೇಕಾದರೆ ಡ್ಯೂಟಿಯಿಂದ ಬಿಡುಗಡೆ ಮಾಡುತ್ತೇವೆ ಎಂಬ ಮೂರೂ ಮಾತು ಅದರಲ್ಲಿ ಇರಬೇಕು. ಮೂರನೆಯದನ್ನು ಬರೆದುಕೊಡಲು ಆಡಳಿತದವರು ಹಿಂದೆಮುಂದೆ ನೋಡುವುದು ಸಾಮಾನ್ಯ. ಹಾಗಾಗಿ ಪ್ರವೇಶದ ಪ್ರಕಟಣೆ ಬರುವವರೆಗೆ ಕಾಯದೆ ಈಗಲೇ ಅರ್ಜಿ ಹಾಕಿಡಿ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷ, ಅಂದರೆ ಒಟ್ಟು 10 ವರ್ಷ ಮೀರುವಂತಿಲ್ಲ. ಹೆರಿಗೆ ಅಥವಾ ಮಗುವಿನ ಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಉಂಟು.

ಪ್ರವೇಶಕ್ಕೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ. 'ಸೋಶಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್' ಎಂಬ ವಿಷಯವೇ ಅದರಲ್ಲಿದೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2024ರಿಂದ ಜೆಆರ್‌ಎಫ್ (ಸಂಶೋಧನಾ ವೇತನ) ಸಿಗದವರಿಗೂ 'ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹ' ಎಂಬ ಫಲಿತಾಂಶ ಬರುತ್ತಿದೆ. ಅದರಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆದರೆ ಆ ಅಂಕ ಒಂದೇ ವರ್ಷ ನಡೆಯುತ್ತದೆ.

ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದು ದೊಡ್ಡದು. ದೇವನಾರ್‌ನಲ್ಲೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ, ಅದರ ಆಸುಪಾಸಿನಲ್ಲೇ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದೆ. ಮೊದಲನೆಯದರಲ್ಲಿ ಆರೋಗ್ಯ ವ್ಯವಸ್ಥೆ ಮತ್ತು ಸಾಮಾಜಿಕ ಕಾರಣಗಳ ಕಡೆಗೆ ಒಲವು, ಎರಡನೆಯದರಲ್ಲಿ ಅಂಕಿಅಂಶದ ಕಡೆಗೆ. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಸೇರುವುದಾದರೆ ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ನಿಯಮ ನೋಡಿ. ಪ್ರೊಫೆಸರ್ ಒಬ್ಬರ ಬಳಿ ಒಮ್ಮೆಗೆ 8 ಜನ, ಅಸೋಸಿಯೇಟ್ ಬಳಿ 6, ಅಸಿಸ್ಟೆಂಟ್ ಬಳಿ 4 ಸಂಶೋಧಕರಷ್ಟೇ ಇರಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಸೀಟು ಖಾಲಿ ಇದೆಯೇ ಎಂದು ಅವರನ್ನೇ ಕೇಳಿಬಿಡಿ.

ಕೋರ್ಸ್‌ವರ್ಕ್‌ನಲ್ಲಿ ಏನೇನು ಇರುತ್ತದೆ? ಎಂ.ಎಸ್.ಡಬ್ಲ್ಯೂ. ಓದಿದವನು ನಾನು, ಅಂಕಿಅಂಶ ಎಂದರೆ ಹೆದರಿಕೆ.
— ಓದುಗ, ಪಿಂಪ್ರಿ-ಚಿಂಚವಾಡ

ಕನಿಷ್ಠ 12 ಕ್ರೆಡಿಟ್, ಗರಿಷ್ಠ 16. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ, ಹಾಗೆ ನೋಡಿದರೆ ಕನಿಷ್ಠ 180 ಗಂಟೆ. ಇದರಲ್ಲಿ 2 ಕ್ರೆಡಿಟ್ 'ಸಂಶೋಧನೆ ಮತ್ತು ಪ್ರಕಟಣೆಯ ನೀತಿ' ಎಂಬ ವಿಷಯಕ್ಕೆ ಮೀಸಲು, ಅದು ಎಲ್ಲರಿಗೂ ಕಡ್ಡಾಯ. ಉಳಿದದ್ದನ್ನು ವಿಭಾಗ ನಿರ್ಧರಿಸುತ್ತದೆ: ಸಾಂಕ್ರಾಮಿಕ ರೋಗಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ, ಗುಣಾತ್ಮಕ ಸಂಶೋಧನೆ, ಆರೋಗ್ಯ ನೀತಿ ಮತ್ತು ವ್ಯವಸ್ಥೆ, ಜೊತೆಗೆ ನಿಮ್ಮ ವಿಷಯಕ್ಕೆ ಹೊಂದುವ ಒಂದು ಐಚ್ಛಿಕ ಪತ್ರಿಕೆ. ಒಟ್ಟಾರೆ ಶೇ. 55 ಬಾರದಿದ್ದರೆ ಮುಂದಕ್ಕೆ ಬಿಡುವುದಿಲ್ಲ.

ಅಂಕಿಅಂಶಕ್ಕೆ ಹೆದರುವ ಸಮಾಜಕಾರ್ಯದವರೂ, ಸಂದರ್ಶನ ಮಾಡುವುದು ಸುಲಭದ ಕೆಲಸ ಎಂದುಕೊಳ್ಳುವ ವೈದ್ಯರೂ ಒಂದೇ ಕಡೆ ಎಡವುತ್ತಾರೆ. ತಮಗೆ ಬರುವುದನ್ನೇ ಮತ್ತೆ ಓದಿ ಅಂಕ ತೆಗೆಯುತ್ತಾರೆ, ಬಾರದ್ದನ್ನು ದಾಟಿಸಿಬಿಡುತ್ತಾರೆ. ಕೋರ್ಸ್‌ವರ್ಕ್ ಇರುವುದು ಬಾರದ್ದನ್ನು ಕಲಿಯಲಿಕ್ಕೆ. ನೀವು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಅಪಾಯದ ಅನುಪಾತಕ್ಕೂ ಆಡ್ಸ್ ಅನುಪಾತಕ್ಕೂ ಇರುವ ವ್ಯತ್ಯಾಸ, ಗೊಂದಲಕಾರಿ ಅಂಶವನ್ನು (ಕಾರಣ, ಪರಿಣಾಮ ಎರಡಕ್ಕೂ ನಂಟಿದ್ದು ಲೆಕ್ಕ ಕೆಡಿಸುವ ಮೂರನೆಯದನ್ನು) ವಿಶ್ಲೇಷಣೆಯಲ್ಲಿ ಹೇಗೆ ನಿಭಾಯಿಸುವುದು ಎಂಬುದು, ಮತ್ತು ಲಾಜಿಸ್ಟಿಕ್ ರಿಗ್ರೆಶನ್ ಕೊಟ್ಟ ಕೋಷ್ಟಕವನ್ನು ಓದುವ ಬಗೆ. 'ಆರ್' ಮತ್ತು 'ಎಪಿ ಇನ್ಫೋ' ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಯಾರಿಂದಲೋ ದುಡ್ಡು ಕೊಟ್ಟು ವಿಶ್ಲೇಷಣೆ ಮಾಡಿಸಿಕೊಂಡು ಬಂದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ, ಏಕೆಂದರೆ 'ಈ ಪರೀಕ್ಷೆಯನ್ನೇ ಏಕೆ ಆರಿಸಿದಿರಿ' ಎಂಬುದೇ ಆ ಮೊದಲ ಪ್ರಶ್ನೆ.

ಕೋರ್ಸ್‌ವರ್ಕ್ ನಡೆಯುವಾಗಲೇ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಬರೆಯಲು ಕೂತುಕೊಳ್ಳಿ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದವರಿಗೆ ಒಂದು ವರ್ಷ ಕೈತಪ್ಪಿ ಹೋಗುತ್ತದೆ.

'ಮುಂಬಯಿಯ ಕನ್ನಡಿಗ ವಲಸೆ ಕಾರ್ಮಿಕರ ಆರೋಗ್ಯ ಸ್ಥಿತಿ: ಒಂದು ಅಧ್ಯಯನ' ಎಂಬ ವಿಷಯ ಕೊಟ್ಟೆ. ಸಂಶೋಧನಾ ಸಲಹಾ ಸಮಿತಿ ವಾಪಸು ಕಳಿಸಿದೆ. ಇದು ಮುಖ್ಯವಾದ ವಿಷಯ ಅಲ್ಲವೇ?
— ಓದುಗ, ಘಾಟ್ಕೋಪರ್

ಬಹಳ ಮುಖ್ಯವಾದ ವಿಷಯ. ಸಮಿತಿ ವಾಪಸು ಕಳಿಸಿದ್ದೂ ಸರಿಯೇ. ನೀವು ಕೊಟ್ಟದ್ದರಲ್ಲಿ ಕ್ಷೇತ್ರ ಇದೆ, ಪ್ರಶ್ನೆ ಇಲ್ಲ. 'ಕನ್ನಡಿಗ ಕಾರ್ಮಿಕ' ಎಂದರೆ ಯಾರು? ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನಲ್ಲೇ ಮಲಗುವ ಹುಡುಗನೇ, ಯಾದಗಿರಿ, ಕಲಬುರಗಿ, ವಿಜಯಪುರದಿಂದ ಸಂಸಾರ ಸಮೇತ ಬಂದು ಕಟ್ಟಡದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿರುವವರೇ? ಈ ಇಬ್ಬರ ಕೂಲಿ, ನೀರು, ಊಟ, ಆಸ್ಪತ್ರೆಯ ದಾರಿ ಯಾವುದೂ ಒಂದಲ್ಲ. 'ಆರೋಗ್ಯ ಸ್ಥಿತಿ' ಎಂದರೆ ರಕ್ತದೊತ್ತಡವೇ, ಬೆನ್ನುನೋವೇ, ಮಕ್ಕಳ ಲಸಿಕೆಯೇ?

ಹೀಗೆ ಕಿರಿದು ಮಾಡಿ ನೋಡಿ: 'ಮುಂಬಯಿ ಮಹಾನಗರ ಪಾಲಿಕೆಯ ಇಂತಿಂಥ ಎರಡು ವಾರ್ಡುಗಳ ಕಟ್ಟಡ ಕಾಮಗಾರಿಯ ಜಾಗದಲ್ಲಿ ವಾಸವಿರುವ, ಕಲ್ಯಾಣ ಕರ್ನಾಟಕದಿಂದ ಬಂದ ಕುಟುಂಬಗಳ 12ರಿಂದ 23 ತಿಂಗಳ ಮಕ್ಕಳಲ್ಲಿ ಲಸಿಕೆ ಪೂರ್ಣಗೊಂಡವರು ಎಷ್ಟು? ಊರಿಗೆ ಹೋಗಿ ಬರುವ ಓಡಾಟಕ್ಕೂ ಡೋಸ್ ತಪ್ಪುವುದಕ್ಕೂ ನಂಟಿದೆಯೇ?' ಇಲ್ಲಿ ಯಾರು, ಎಲ್ಲಿ, ಏನನ್ನು ಅಳೆಯುವುದು, ಯಾವುದಕ್ಕೆ ಯಾವುದು ಕಾರಣವಿರಬಹುದು ಎಂಬುದೆಲ್ಲ ಬಂತು. ಲಸಿಕೆ ಕಾರ್ಡ್ ಊರಲ್ಲೇ ಬಿಟ್ಟುಬಂದಿದ್ದರೆ ಏನು ಮಾಡುವುದು ಎಂಬ ತೊಡಕು ಈಗಲೇ ಕಣ್ಣಿಗೆ ಬೀಳುತ್ತದೆ ನೋಡಿ. ವಿಷಯ ಸರಿಯಾಗಿ ಕಿರಿದಾಯಿತು ಎಂಬುದಕ್ಕೆ ಅದೇ ಗುರುತು.

ಈಗಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದು ಸಿಗುವುದಿಲ್ಲವೇ ಎಂದು ಸಮಿತಿ ಕೇಳಿಯೇ ಕೇಳುತ್ತದೆ. ಐದನೆಯ ಸುತ್ತು 2019–21ರಲ್ಲಿ ನಡೆಯಿತು. ಅದು ಮನೆಮನೆಯ ಸಮೀಕ್ಷೆ, ಜಿಲ್ಲಾ ಮಟ್ಟದ ಅಂದಾಜು ಕೊಡುತ್ತದೆ. ಕಾಮಗಾರಿ ಮುಗಿದೊಡನೆ ಜಾಗ ಬದಲಿಸುವ ಶೆಡ್ಡುಗಳ ಪ್ರತ್ಯೇಕ ಚಿತ್ರ ಅದರಿಂದ ಹೊರಡುವುದಿಲ್ಲ. ಈ ವಾದವನ್ನು ಸಿನಾಪ್ಸಿಸ್‌ನ ಮೊದಲ ಎರಡು ಪುಟದೊಳಗೇ ಇಡಿ.

ಜನರನ್ನು ಹುಡುಕುವ ದಾರಿಯನ್ನೂ ಈಗಲೇ ಯೋಚಿಸಿ. ಕನ್ನಡ ಸಂಘಗಳ ಮೂಲಕ ಹೋದರೆ ನೆಲೆ ನಿಂತವರು, ಓದುಬರಹ ಬಲ್ಲವರು ಸಿಗುತ್ತಾರೆ. ಸಂಘದ ಹೊಸ್ತಿಲು ತುಳಿಯದವರು ನಿಮ್ಮ ಲೆಕ್ಕದಿಂದ ಪೂರ್ತಿ ಬಿಟ್ಟುಹೋಗುತ್ತಾರೆ. ದಿನಗೂಲಿಯವರ ಬಗ್ಗೆ ಅಧ್ಯಯನವಾದರೆ ನಾಕಾಕ್ಕೆ (ಕೂಲಿಗಾಗಿ ಜನ ಬಂದು ನಿಲ್ಲುವ ಚೌಕಕ್ಕೆ) ಹೋಗಬೇಕು, ಅದೂ ಬೆಳಗ್ಗೆ ಬೇಗ. ಹೊತ್ತೇರಿದ ಮೇಲೆ ನಾಕಾದಲ್ಲಿ ಉಳಿಯುವವರು ಅಂದು ಕೂಲಿ ಸಿಗದವರು: ವಯಸ್ಸಾದವರು, ಮೈಯಲ್ಲಿ ಸರಿಯಿಲ್ಲದವರು. ಅವರನ್ನಷ್ಟೇ ಮಾತನಾಡಿಸಿ ಬಂದರೆ ರೋಗದ ಪ್ರಮಾಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಯಾವ ನಾಕಾ, ಯಾವ ವಾರ, ಯಾವ ಹೊತ್ತು ಎಂಬ ಪಟ್ಟಿ ಮಾಡಿ ಅದರಿಂದ ಚೀಟಿ ಎತ್ತಿ ಆರಿಸುವ ಕ್ರಮವೇ ಇದೆ. ಸಮಯ–ಸ್ಥಳ ಮಾದರಿ ಎನ್ನುತ್ತಾರೆ.

ಗೈಡ್ '384 ಸ್ಯಾಂಪಲ್ ಸಾಕು' ಎಂದರು. ಸ್ನೇಹಿತನ ವಿಷಯ ಬೇರೆಯೇ, ಅವನದ್ದೂ 384. ಇದು ಎಲ್ಲಿಂದ ಬಂತು?
— ಓದುಗಿ, ಪುಣೆ

ಸೂತ್ರದಿಂದ ಬಂತು. 1.96ರ (ಶೇ. 95 ವಿಶ್ವಾಸಕ್ಕೆ ಹಿಡಿಯುವ ಸಂಖ್ಯೆ) ವರ್ಗವನ್ನು ಪ್ರಮಾಣ ಮತ್ತು ಅದರ ಉಳಿಕೆಯಿಂದ (1ರಿಂದ ಪ್ರಮಾಣ ಕಳೆದದ್ದು) ಗುಣಿಸಿ, ದೋಷದ ವರ್ಗದಿಂದ ಭಾಗಿಸುವುದು. ಪ್ರಮಾಣ ಶೇ. 50 ಎಂದೂ ದೋಷ ಶೇ. 5 ಎಂದೂ ಹಿಡಿದರೆ 3.8416 × 0.5 × 0.5 ÷ 0.0025 = 384. ಏನೂ ಗೊತ್ತಿಲ್ಲದಾಗ ಹಿಡಿಯುವ ಲೆಕ್ಕ ಅದು. ಹಿಂದಿನ ಅಧ್ಯಯನಗಳಲ್ಲಿ ಪ್ರಮಾಣ ಶೇ. 20 ಎಂದು ಗೊತ್ತಿದ್ದರೆ 246 ಸಾಕಾಗುತ್ತದೆ. ಶೇ. 5 ಜನರಲ್ಲಷ್ಟೇ ಇರುವ ಕಾಯಿಲೆಗೆ ಶೇ. 5 ದೋಷ ಇಟ್ಟುಕೊಂಡರೆ ಉತ್ತರ ಸೊನ್ನೆಯಿಂದ ಹತ್ತರವರೆಗೆ ಎಲ್ಲಿಯೂ ಇರಬಹುದು, ಅದರಿಂದ ಏನೂ ಹೇಳಿದಂತಾಗುವುದಿಲ್ಲ. ಅಲ್ಲಿ ದೋಷವನ್ನು ಶೇ. 2ಕ್ಕೆ ಇಳಿಸಿದರೆ 456 ಜನ ಬೇಕು.

ಹೆಚ್ಚಿನ ತಪ್ಪು ಆಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ ಸೂತ್ರ ಇಡೀ ಪಟ್ಟಿಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತಿದಂತೆ ಆರಿಸಿದಾಗ ಮಾತ್ರ ಸರಿ. ನೀವು ಮಾಡುವುದು ಹಾಗಲ್ಲ. ಕೆಲವು ವಸ್ತಿಗಳನ್ನು (ಜನವಸತಿಗಳನ್ನು) ಆರಿಸಿ, ಒಂದೊಂದರಲ್ಲಿ ಹತ್ತಾರು ಮನೆ ಹೊಕ್ಕುತ್ತೀರಿ. ಒಂದೇ ಚಾಳಿನವರು ಒಂದೇ ನಳದ ನೀರು ಕುಡಿಯುತ್ತಾರೆ, ಒಂದೇ ಡಾಕ್ಟರ ಬಳಿ ಹೋಗುತ್ತಾರೆ. ಎರಡನೆಯ ಮನೆಯ ಉತ್ತರ ಅರ್ಧ ಮೊದಲನೆಯ ಮನೆಯಲ್ಲೇ ಸಿಕ್ಕಿರುತ್ತದೆ. ಅದಕ್ಕಾಗಿ ವಿನ್ಯಾಸ ಪರಿಣಾಮ ಎಂಬ ಗುಣಕ ಹಾಕಬೇಕು: 1 + (ಒಂದು ಗುಂಪಿನಲ್ಲಿರುವ ಜನ – 1) × ಗುಂಪಿನೊಳಗಿನ ಹೋಲಿಕೆಯ ಗುಣಾಂಕ.

ಲೆಕ್ಕ ಹಾಕಿ ನೋಡೋಣ. ಗುಣಾಂಕ 0.05, ಒಂದೊಂದು ವಸ್ತಿಯಲ್ಲಿ 29 ಜನ. ಗುಣಕ 1 + 28 × 0.05 = 2.4. ಆಗ 384 ಹೋಗಿ 922 ಆಯಿತು. ಶೇ. 10 ಜನ ಬಾಗಿಲು ತೆರೆಯುವುದಿಲ್ಲ ಎಂದಿಟ್ಟುಕೊಂಡು 0.9ರಿಂದ ಭಾಗಿಸಿದರೆ 1,025. ಅದೇ ಒಂದು ವಸ್ತಿಗೆ 15 ಜನರಂತೆ ಹೋದರೆ ಗುಣಕ 1.7, ಒಟ್ಟು 726 ಜನ, 49 ವಸ್ತಿ. ಜನ ಸುಮಾರು 300 ಕಡಿಮೆಯಾದರು, ವಸ್ತಿಗಳು 36ರಿಂದ 49ಕ್ಕೆ ಏರಿದವು. ಓಡಾಟ ಹೆಚ್ಚಾದರೂ ಎರಡನೆಯದೇ ಲೇಸು. ವಿಶ್ಲೇಷಣೆಯಲ್ಲೂ ಗುಂಪುಗಳನ್ನು ತಂತ್ರಾಂಶಕ್ಕೆ ತಿಳಿಸಬೇಕು. ಇಲ್ಲದಿದ್ದರೆ ವಿಶ್ವಾಸದ ಅಂತರ ಸುಳ್ಳೇ ಕಿರಿದಾಗಿ, ಇಲ್ಲದ ಸಂಬಂಧ ಇದ್ದಂತೆ ಕಾಣುತ್ತದೆ.

'30 ಗುಂಪು, ಗುಂಪಿಗೆ 7 ಮಕ್ಕಳು' ಎಂಬ ಹಳೆಯ ಕ್ರಮವನ್ನು ಎಲ್ಲದಕ್ಕೂ ಬಳಸುವವರಿದ್ದಾರೆ. ಅದು ಲಸಿಕೆಯ ವ್ಯಾಪ್ತಿಯನ್ನು ಹೆಚ್ಚುಕಡಿಮೆ ಶೇ. 10ರ ದೋಷದೊಳಗೆ ಬೇಗ ತಿಳಿಯಲೆಂದು ಮಾಡಿದ ಕ್ರಮ. ರಕ್ತಹೀನತೆಗೋ ಖಿನ್ನತೆಗೋ ಅದನ್ನು ಎಳೆದು ತರಬೇಡಿ. ಎರಡು ಗುಂಪುಗಳ ಹೋಲಿಕೆ ನಿಮ್ಮ ಉದ್ದೇಶವಾದರೆ ಸೂತ್ರವೇ ಬೇರೆ: ಶೇ. 30 ಮತ್ತು ಶೇ. 20ರ ವ್ಯತ್ಯಾಸವನ್ನು ಶೇ. 80 ಸಾಮರ್ಥ್ಯದಲ್ಲಿ (ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಗುರುತಿಸಲು ಒಂದೊಂದು ಗುಂಪಿಗೂ ಸುಮಾರು 290 ಜನ ಬೇಕು, ಗುಣಕ ಅದರ ಮೇಲೆ.

ವಾಸ್ಕೊ ಸುತ್ತಿನ ಕನ್ನಡ ಕಾರ್ಮಿಕರಲ್ಲಿ ಖಿನ್ನತೆಯ ಅಧ್ಯಯನ ಮಾಡುತ್ತಿದ್ದೇನೆ. ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ತಿರುಗಿಸಿಕೊಂಡರೆ ಸಾಕೇ?
— ಓದುಗಿ, ಗೋವಾ

ಸಾಲದು. ಮೊದಲು ಈಗಾಗಲೇ ಇರುವ ಕನ್ನಡ ರೂಪವನ್ನು ಹುಡುಕಿ ನಿಮ್ಮ ಜನರ ಮುಂದೆ ಓದಿ ನೋಡಿ. ಒಗ್ಗದಿದ್ದರೆ ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಸೇರಿಸಿ ಒಂದು ಮಾಡಬೇಕು. ಮೂಲವನ್ನು ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಬೇಕು. ಆಮೇಲೆ ಹತ್ತಾರು ಕಾರ್ಮಿಕರೊಂದಿಗೆ ಕೂತು ಒಂದೊಂದು ಪ್ರಶ್ನೆ ಕೇಳಿ, 'ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ' ಎನ್ನಬೇಕು. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದೇ, ಇದರಿಂದ ಸಿಗುವ ಲಾಭವೇ ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನ ಬರಹದ ಕನ್ನಡ ಬಾಗಲಕೋಟೆ, ಕೊಪ್ಪಳದವರಿಗೆ ಸರ್ಕಾರಿ ನೋಟಿಸಿನಂತೆ ಕೇಳಿಸುತ್ತದೆ. ಉತ್ತರವೂ ಹಾಗೇ ಚುಟುಕಾಗಿ ಬರುತ್ತದೆ.

ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರದ ಬಗ್ಗೆ. ತಾರೀಖಿನ ಲೆಕ್ಕ ಇಡದವರಿಗೆ ಹೋದ ಅಮಾವಾಸ್ಯೆ, ಸಂತೆ, ಪಗಾರದ ದಿನ, ನೆನಪಿಗೆ ಇಂಥ ಒಂದು ಆನಿಕೆ ಕೊಟ್ಟು ಕೇಳಿ. ಆ ಆನಿಕೆಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲ ಸಂದರ್ಶಕರಿಗೂ ಒಂದೇ ರೀತಿ ಕಲಿಸಿ.

ಒಂಬತ್ತು ಪ್ರಶ್ನೆ, 0ರಿಂದ 27 ಅಂಕ, 10 ಮತ್ತು ಮೇಲಿದ್ದರೆ ಹೆಚ್ಚಿನ ತಪಾಸಣೆ ಬೇಕೆಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಇದು ಗುರುತಿಸುವ ಸಾಧನ ಮಾತ್ರ, ಪ್ರಬಂಧದಲ್ಲಿ 'ಇಷ್ಟು ಜನರಿಗೆ ಖಿನ್ನತೆ ಇದೆ' ಎಂದು ಬರೆಯಬೇಡಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಹೌದು ಎಂದವರನ್ನು ಹಾಳೆಯಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋಗುವಂತಿಲ್ಲ. ಆ ದಿನವೇ ಯಾರಿಗೆ ಫೋನ್ ಮಾಡುವುದು, ಯಾವ ಆಸ್ಪತ್ರೆಗೆ ಕರೆದೊಯ್ಯುವುದು, ಜೊತೆಗೆ ಯಾರು ಹೋಗುವುದು ಎಂಬುದು ಬರಹದಲ್ಲಿ ಇರಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಎಲ್ಲರಿಗೂ ಕೊಡುವ ಚೀಟಿಯಲ್ಲಿ ಅಚ್ಚು ಹಾಕಿಸಿ.

ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಎರಡು ಸಲ ಕಡತ ಹಿಂದಿರುಗಿಸಿದೆ. ನಾನು ಬರೀ ಪ್ರಶ್ನೆ ಕೇಳುವವನು, ರಕ್ತ ತೆಗೆಯುವುದಿಲ್ಲ, ಔಷಧ ಕೊಡುವುದಿಲ್ಲ. ಇಷ್ಟೆಲ್ಲ ಏಕೆ?
— ಓದುಗ, ಮುಲುಂಡ್

ಪ್ರಶ್ನೆಯಿಂದಲೂ ಹಾನಿ ಆಗಬಹುದು, ಅದಕ್ಕೆ. ಮುಕಾದಮ (ಕೂಲಿಯವರ ಮೇಸ್ತ್ರಿ) ಪಕ್ಕದಲ್ಲಿ ನಿಂತಿರುವಾಗ ಕೂಲಿ ಬಾಕಿಯ ಬಗ್ಗೆ ಕೇಳಿದರೆ ಮರುದಿನ ಆ ಮನುಷ್ಯನ ಕೆಲಸವೇ ಹೋದೀತು. ಅತ್ತೆ ಎದುರಿಗಿರುವಾಗ ಸೊಸೆಗೆ ಹೊಡೆತದ ಬಗ್ಗೆ ಕೇಳಿದರೆ ಏನಾದೀತೆಂದು ನೀವೇ ಯೋಚಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ಮಾರ್ಗಸೂಚಿ ಸಮೀಕ್ಷೆಗಳಿಗೂ ಅನ್ವಯಿಸುತ್ತದೆ.

ಕಡತ ವಾಪಸಾಗುವ ಕಾರಣಗಳು ಹೆಚ್ಚಾಗಿ ಇವೇ. ಮಾಹಿತಿ ಪತ್ರ ಮತ್ತು ಸಮ್ಮತಿ ಪತ್ರ ಇಂಗ್ಲಿಷ್, ಮರಾಠಿಯಲ್ಲಿವೆ, ಕನ್ನಡದ್ದು ಇಲ್ಲ. ಪ್ರಶ್ನಾವಳಿಯ ಅಂತಿಮ ರೂಪ ಲಗತ್ತಿಸಿಲ್ಲ. ಪಾಲಿಕೆಯ ಅಥವಾ ಕಾಮಗಾರಿ ಕಂಪನಿಯ ಅನುಮತಿ ಪತ್ರ ಇಲ್ಲ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತ ಸಾಕ್ಷಿ ಯಾರು ಎಂದು ಹೇಳಿಲ್ಲ. ಮುಕಾದಮ ಆ ಸಾಕ್ಷಿಯಾಗುವಂತಿಲ್ಲ. 18 ದಾಟದವರಿದ್ದರೆ ತಂದೆತಾಯಿಯ ಸಮ್ಮತಿಯ ಜೊತೆ ಮಕ್ಕಳ ಒಪ್ಪಿಗೆಯೂ ಬೇಕು: 7ರಿಂದ 12ರವರೆಗೆ ಬಾಯಿಮಾತಿನದು, ಆಮೇಲೆ ಬರಹದಲ್ಲಿ. ಹೆಸರು, ಫೋನ್ ನಂಬರು ಒಂದು ಕಡತದಲ್ಲಿ, ಉತ್ತರಗಳು ಸಂಕೇತ ಸಂಖ್ಯೆಯೊಂದಿಗೆ ಇನ್ನೊಂದರಲ್ಲಿ, ಎರಡನ್ನೂ ಜೋಡಿಸುವ ಪಟ್ಟಿ ಬೀಗದೊಳಗೆ ಎಂದು ಸ್ಪಷ್ಟವಾಗಿ ಬರೆಯಿರಿ. ಕಳೆದ ಕೂಲಿ, ಬಸ್ ಚಾರ್ಜು ತುಂಬಿಕೊಡುವುದು ಸರಿ. ಆಸೆಗೆ ಬಿದ್ದು ಒಪ್ಪುವಷ್ಟು ದುಡ್ಡು ಕೊಡುವುದು ತಪ್ಪು.

ಅನುಮತಿ ಸಿಗುವ ಮೊದಲು ಒಂದು ಪ್ರಶ್ನಾವಳಿಯನ್ನೂ ತುಂಬಿಸಬೇಡಿ. ಮುಗಿದ ಕೆಲಸಕ್ಕೆ ಹಿಂದಿನ ತಾರೀಖಿನಿಂದ ಅನುಮತಿ ಸಿಗುವುದಿಲ್ಲ, ಆ ಮಾಹಿತಿ ಪೂರ್ತಿ ವ್ಯರ್ಥ. ಆರೋಗ್ಯ ಶಿಕ್ಷಣ ಕೊಟ್ಟು ಪರಿಣಾಮ ನೋಡುವ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ಸಿಟಿಆರ್‌ಐ ಎಂಬ ರಾಷ್ಟ್ರೀಯ ಪ್ರಯೋಗ ದಾಖಲೆಯಲ್ಲಿ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಅರೆಕಾಲಿಕ ಸಂಶೋಧಕರು ವರ್ಷಗಟ್ಟಲೆ ಕಳೆದುಕೊಳ್ಳುವುದು ಪಾಠದಲ್ಲೂ ಅಲ್ಲ, ಪ್ರಬಂಧ ಬರೆಯುವುದರಲ್ಲೂ ಅಲ್ಲ, ಸಿನಾಪ್ಸಿಸ್ ಒಪ್ಪಿಗೆಗೂ ಮೊದಲ ಸಂದರ್ಶನಕ್ಕೂ ನಡುವಿನ ಈ ಕಾಗದಪತ್ರದಲ್ಲಿ. ಪಾಲಿಕೆಯ ಅರ್ಜಿ, ಕನ್ನಡ ಅನುವಾದ, ಸಮ್ಮತಿ ಪತ್ರ ಮೂರನ್ನೂ ಕೋರ್ಸ್‌ವರ್ಕ್ ಕಾಲದಲ್ಲೇ ಶುರು ಮಾಡಿಕೊಂಡವರು ಬಹಳ ಮುಂದಿರುತ್ತಾರೆ.

ಪ್ರಬಂಧ ಒಪ್ಪಿಸುವ ಮುನ್ನ ಎಷ್ಟು ಲೇಖನ ಪ್ರಕಟವಾಗಿರಬೇಕು? ನಕಲು ತಪಾಸಣೆಯಲ್ಲಿ ಎಷ್ಟು ಶೇಕಡ ನಡೆಯುತ್ತದೆ?
— ಓದುಗ, ಭಾಂಡುಪ್

ಯುಜಿಸಿ 2022ರಲ್ಲಿ ಲೇಖನದ ಕಡ್ಡಾಯ ತೆಗೆದಿದೆ, ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಇಟ್ಟಿರಬಹುದು, ಅದನ್ನು ನೋಡಿ. ಕಡ್ಡಾಯವಿಲ್ಲದಿದ್ದರೂ ಒಂದನ್ನಾದರೂ ಒಳ್ಳೆಯ ಪತ್ರಿಕೆಗೆ ಕಳಿಸಿ. ಅಲ್ಲಿನ ಪರಿಶೀಲಕರು ಎತ್ತುವ ಆಕ್ಷೇಪಗಳೇ ವೈವಾದಲ್ಲೂ ಬರುತ್ತವೆ. ದುಡ್ಡು ಕಟ್ಟಿದರೆ ನಾಲ್ಕೇ ದಿನದಲ್ಲಿ ಅಚ್ಚು ಹಾಕುತ್ತೇವೆ ಎಂಬ ಇಮೇಲುಗಳನ್ನು ನಂಬಬೇಡಿ.

ನಕಲು ತಡೆಯಲು ಯುಜಿಸಿ ಮಾಡಿದ 2018ರ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ, ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಒಪ್ಪಿಸಿದ ಮೇಲೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ವೈವಾ ಸೇರಿ ಎಲ್ಲವೂ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮ.

ಮಗಳು ಎಂ.ಪಿ.ಎಚ್. ಮಾಡುತ್ತಿದ್ದಾಳೆ, ಅಮೆರಿಕಕ್ಕೆ ಹೋಗುವ ಆಸೆ. ಅಲ್ಲಿ ಪಿಎಚ್.ಡಿ. ಬೇರೆ, ಡಿಆರ್‌ಪಿಎಚ್ (ಸಾರ್ವಜನಿಕ ಆರೋಗ್ಯದ ಡಾಕ್ಟರೇಟ್) ಬೇರೆ ಅಂತಾರೆ. ಯಾವುದು ಒಳ್ಳೆಯದು?
— ತಾಯಿಯೊಬ್ಬರು, ಠಾಣೆ

ಪಾಠ ಹೇಳುವ, ಸಂಶೋಧನೆ ಮಾಡುವ ಕಡೆಗೆ ಮನಸ್ಸಿದ್ದರೆ ಪಿಎಚ್.ಡಿ. ಆರೋಗ್ಯ ಇಲಾಖೆ, ದೊಡ್ಡ ಸಂಸ್ಥೆಗಳಲ್ಲಿ ಕಾರ್ಯಕ್ರಮ ನಡೆಸುವ ಕಡೆಗಿದ್ದರೆ ಡಿಆರ್‌ಪಿಎಚ್. ಅದರಲ್ಲಿ ಕ್ಷೇತ್ರದ ಕೆಲಸವೂ ಪಠ್ಯದ ಭಾಗ. ಅಲ್ಲಿ ಕೋರ್ಸ್‌ವರ್ಕ್ ನಮ್ಮಲ್ಲಿಗಿಂತ ಬಹಳ ಭಾರ, ಸಾಮಾನ್ಯವಾಗಿ ಎರಡು ವರ್ಷದಷ್ಟು. ಅದು ಮುಗಿದ ಮೇಲೆ ಅರ್ಹತಾ ಪರೀಕ್ಷೆ, ಅದನ್ನು ದಾಟಿದವರಿಗಷ್ಟೇ ಪ್ರಬಂಧದ ಪ್ರಸ್ತಾವ ಮಂಡಿಸಲು ಅವಕಾಶ. ದೊಡ್ಡ ಪ್ರಬಂಧದ ಬದಲು ಪ್ರಕಟಿಸಬಹುದಾದ ಮೂರು ಲೇಖನಗಳನ್ನು ಒಟ್ಟುಗೂಡಿಸುವ ಪದ್ಧತಿ ಅಲ್ಲಿ ಹಲವು ಕಡೆ ಇದೆ.

ಅಮ್ಮ, ದುಡ್ಡಿನ ವಿಚಾರ ಮೊದಲೇ ಕೇಳಿಸಿ. ಪಿಎಚ್.ಡಿ.ಗೆ ಫೀಸು ಮಾಫಿಯೊಂದಿಗೆ ಸಹಾಯಕಿಯ ಕೆಲಸ, ತಿಂಗಳ ಹಣ ಸಿಗುವುದು ರೂಢಿ. ಡಿಆರ್‌ಪಿಎಚ್‌ಗೆ ಹೆಚ್ಚಿನ ಕಡೆ ಕೈಯಿಂದಲೇ ಕಟ್ಟಬೇಕು. ಸಂಸ್ಥೆಗೆ ಸಿಇಪಿಎಚ್ (ಸಾರ್ವಜನಿಕ ಆರೋಗ್ಯ ಶಿಕ್ಷಣವನ್ನು ಪರಿಶೀಲಿಸುವ ಅಮೆರಿಕದ ಮಂಡಳಿ) ಮಾನ್ಯತೆ ಇದೆಯೇ ಎಂದೂ ನೋಡಿ. ಇಲ್ಲಿಯೇ ಉಳಿದರೆ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000, ಮನೆಬಾಡಿಗೆ ಭತ್ಯೆ ಬೇರೆ. ಮನೆಯಲ್ಲೇ ಕೂತು ಆನ್‌ಲೈನ್ ಪಿಎಚ್.ಡಿ. ಎಂದು ಜಾಹೀರಾತು ಕೊಡುವವರ ಬಳಿ ಹೋಗಬೇಡಿ. ದೂರಶಿಕ್ಷಣದ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಯುಜಿಸಿ ಮಾನ್ಯತೆ ಕೊಡುವುದಿಲ್ಲ.